ನನ್ನ ಬಿಟ್ರ ನೀನ

ಯಾರಾದರೂ ಹೊಗಳಿದರೆ ನಾಗಲಿಂಗಮ್ಮನಿಗೆ ಮೊದಲು ಬರುವುದು ಅನುಮಾನ. ಕೊಟ್ಟೂರು ಬಸ್‌ಸ್ಟ್ಯಾಂಡಿನ ಹತ್ತಿರ ನಾನು ದಿನಾ ಉಣ್ಣುವ ಖಾನಾವಳಿಯಲ್ಲಿ ಅವಳದು ರೊಟ್ಟಿ ಬೇಯಿಸುವ ಕೆಲಸ. ಪಕ್ಕದಲ್ಲಿ ಕೂತು ಬಡಿದು ಕೊಡುವವಳು ಗೀತಮ್ಮ. ಒಬ್ಬಳ ಕೈಗೆ ಇನ್ನೊಬ್ಬಳ ಕೈ ಹೊಂದದಿದ್ದರೆ ರೊಟ್ಟಿ ಕೆಟ್ಟಿತೆಂದೇ ಲೆಕ್ಕ. ಇಬ್ಬರೂ ಒಂದೇ ಓಣಿಯವರು, ಒಂದೇ ಚೀಲದ ಎಲೆ ಅಡಿಕೆ ಹಾಕುವವರು. ಗಂಡ ತೀರಿಕೊಂಡ ಮೇಲೆ ನಾಗಲಿಂಗಮ್ಮನಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಗೀತಮ್ಮ ಒಬ್ಬಳೇ.

ಮಾಲೀಕ ಪಾಲಾಕ್ಷಪ್ಪನಿಗೆ ಜಗತ್ತಿನಲ್ಲಿ ತಾನೊಬ್ಬನೇ. ರೊಟ್ಟಿ ಚೆನ್ನಾಗಿದೆ ಅಂದರೆ, "ನಾ ಹೇಳಿಕೊಟ್ಟಿದ್ದು ನೋಡ್ರಿ" ಎನ್ನುತ್ತಾನೆ. ಆಸಾಮಿ ಒಂದು ದಿನವೂ ಒಲೆಯ ಮುಂದೆ ಕೂತವನಲ್ಲ! ಸಾರಿಗೆ ಉಪ್ಪು ಹೆಚ್ಚಾದರೆ ಮಾತ್ರ ಅದು ಹೆಂಗಸರ ತಪ್ಪು.

ಒಂದು ಮಧ್ಯಾಹ್ನ ಅವನು ನಾಗಲಿಂಗಮ್ಮನನ್ನು ಪಕ್ಕಕ್ಕೆ ಕರೆದ. "ಈ ಖಾನಾವಳಿಯಾಗ ನನ್ನ ಬಿಟ್ರ ನೀನ ನೋಡವ್ವ. ಆ ಗೀತಮ್ಮ ಹೊಟ್ಟಿಕಿಚ್ಚಿನಾಕಿ, ಹುಷಾರಿರು."

ಬಾಯಲ್ಲಿ ಬೆಲ್ಲ, ಕರುಳು ಕತ್ತರಿ ಎಂದು ಅವಳಿಗೆ ಆಗಲೇ ಅನಿಸಿತಂತೆ. ಆದರೂ ಮಾತು ಒಳಗೆ ಕೂತುಬಿಟ್ಟಿತು. ಗೀತಮ್ಮ ನಕ್ಕರೆ ಯಾಕೆ ನಕ್ಕಳು, ಸುಮ್ಮನಿದ್ದರೆ ಏನು ಮಸಲತ್ತು ಮಾಡುತ್ತಿದ್ದಾಳೆ ಎಂದು ಕಣ್ಣಿಡತೊಡಗಿದಳು. ಗೀತಮ್ಮನೂ ಅವಳನ್ನು ಓರೆಗಣ್ಣಲ್ಲಿ ನೋಡುತ್ತಿದ್ದಳು. ಎಲೆ ಅಡಿಕೆ ಬೇರೆಬೇರೆಯಾಯಿತು. ಇಬ್ಬರೂ ಒಬ್ಬರಿಗಿಂತ ಒಬ್ಬರು ಮೊದಲು ಬಂದು, ಸೊಂಟ ಬೀಳುವಂತೆ ದುಡಿದರು. ಪಾಲಾಕ್ಷಪ್ಪನಿಗೆ ಬೇಕಾದದ್ದೂ ಅದೇ. ರೊಟ್ಟಿ ಮಾತ್ರ ಹೆಂಚಿಗೆ ಹಾಕುವಾಗಲೇ ಹರಿಯುತ್ತಿದ್ದವು.

ಕೊನೆಗೆ ನಾಗಲಿಂಗಮ್ಮನೇ ತಡೆಯಲಾರದೆ ಕೇಳಿದಳು. "ಲೇ ಗೀತಾ, ಸಾವ್ಕಾರ ನಿನಗೇನಾರ ಹೇಳ್ಯಾನೇನು?"

ಗೀತಮ್ಮ ಬಡಿಯುವ ಕೈ ನಿಲ್ಲಿಸಿದಳು. "ನನ್ನ ಬಿಟ್ರ ನೀನ ಅಂದಾನ. ನಿನಗ ನನ್ನ ಮ್ಯಾಲೆ ಹೊಟ್ಟಿಕಿಚ್ಚು ಐತಂತ, ಯಕ್ಕ."

ಇಬ್ಬರೂ ಸೇರಿ ಅವನ ಜನ್ಮ ಜಾಲಾಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗೆಳತಿ ಕೈತಪ್ಪಲಿಲ್ಲವಲ್ಲ ಎಂದು ನಾಗಲಿಂಗಮ್ಮನಿಗೆ ಜೀವ ಬಂದಂತಾಯಿತು.

ಮರುದಿನ ಹರಪನಹಳ್ಳಿ ಕಡೆಯ ವ್ಯಾಪಾರಿಗಳು ಊಟಕ್ಕೆ ಬಂದಿದ್ದರು. ನಾನೂ ಅಲ್ಲೇ ಕೂತಿದ್ದೆ. ಪಾಲಾಕ್ಷಪ್ಪ ಗಲ್ಲಾದಿಂದಲೇ ಕೂಗಿದ. "ರೊಟ್ಟಿ ಹೆಂಗದಾವ್ರಿ? ನನ್ನ ಬಿಟ್ರ ಈ ಕೆಲಸ ಬಲ್ಲಾಕಿ ಇಲ್ಲಿ ಒಬ್ಬಾಕೀನ!"

ಹೆಸರು ಹೇಳುವ ಮೊದಲು ಬೇಕೆಂದೇ ತಡೆದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾಗಲಿಂಗಮ್ಮ ಹೆಂಚು ಮರೆತು ಕಿವಿಗೊಟ್ಟಳು.

"ನಮ್ಮ ಗೀತಮ್ಮ!"

ಸುಳ್ಳೆಂದು ನಾಗಲಿಂಗಮ್ಮನಿಗೆ ಗೊತ್ತಿತ್ತು. ಆದರೂ ಹೊಟ್ಟೆ ಉರಿಯಿತು. ತಿರುಗಿ ನೋಡಿದರೆ, ನಿನ್ನೆ ಜೊತೆಗೆ ಬೈದು ನಕ್ಕಿದ್ದ ಗೀತಮ್ಮ ಮುಖ ಅರಳಿಸಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.