ಶಾಲು ಹೊದ್ದವರ ಚರ್ಚೆ

ನಮ್ಮ ಮನೆಯ ಟ್ರಂಕಿನಲ್ಲಿ ಹದಿನೈದು ಶಾಲುಗಳಿವೆ. ಹದಿನೇಳಿದ್ದವು, ಎರಡು ಹೇಗೆ ಹೋದವೆಂದು ಆಮೇಲೆ ಹೇಳುತ್ತೇನೆ. ಒಂದನ್ನೂ ಚಳಿಗೆಂದು ಹೊದ್ದವನಲ್ಲ ನಾನು, ಅವು ಚಳಿ ತಡೆಯುವ ಜಾತಿಯವೂ ಅಲ್ಲ. ಹಿರೇಕೆರೂರು, ಹಾನಗಲ್ಲು, ಕೊನೆಗೆ ಶಿಗ್ಗಾಂವಿ ಎಂದು ಊರೂರು ತಿರುಗಿದ ಕನ್ನಡ ಮಾಸ್ತರನಿಗೆ ವರ್ಗವಾದಾಗ, ನಿವೃತ್ತನಾದಾಗ, ಬೇರೆ ಯಾರದೋ ಸತ್ಕಾರಕ್ಕೆ ಹೋದಾಗ "ಇವರೂ ಬಂದಾರಲ್ಲ, ಒಂದು ಹಾಕ್ರಿ" ಎಂದು ಹೊದಿಸಿದವು. ನನ್ನ ಹೆಂಡತಿ ಶಾರದಾ ಇಂಥದೇ ಮತ್ತೊಂದನ್ನು ಮಿಕ್ಸರಿಗೆ ಹೊದಿಸಿದ್ದಾಳೆ. ಮನೆಯಲ್ಲಿ ದಿನಾಲೂ ಗೌರವದಿಂದಿರುವುದು ಆ ಮಿಕ್ಸರೊಂದೇ.

ನಮ್ಮ ಶಿಗ್ಗಾಂವಿಯಲ್ಲೊಂದು ಸಣ್ಣ ಬಾನುಲಿ ಕೇಂದ್ರವಿದೆ. ಅದೃಷ್ಟವಿದ್ದ ದಿನ ಸವಣೂರಿಗೂ ಕೇಳಿಸುತ್ತದೆ, ಇಲ್ಲದ ದಿನ ನಮ್ಮ ಬಸ್ ಸ್ಟ್ಯಾಂಡಿಗೂ ಕೇಳಿಸುವುದಿಲ್ಲ. ಅದರ ಉಸ್ತುವಾರಿ ನೋಡಿಕೊಳ್ಳುವ ಶೈಲಾ ನನ್ನ ಹಳೆಯ ವಿದ್ಯಾರ್ಥಿನಿ. ಊರಿನ ಆಗುಹೋಗು, ಸಂಸ್ಕೃತಿ ಎಂದು ವಾರಕ್ಕೊಂದು ಚರ್ಚೆ ನಡೆಸಿಕೊಡಿ ಎಂದು ಕೇಳಿದಳು. "ಆದ್ರ ಸರ, ಶನಿವಾರದೊಳಗ ಒಂದು ಚಲೋ ರೆಕಾರ್ಡಿಂಗ್ ಆಗಬೇಕ್ರಿ. ಇಲ್ಲಾಂದ್ರ ಆ ಅರ್ಧ ತಾಸು ಸಿನಿಮಾ ಹಾಡಿಗೆ ಹೋಗ್ತೈತಿ."

ನಿಜ ಹೇಳುತ್ತೇನೆ, ಆ ಅರ್ಧ ತಾಸು ನನಗೆ ಬಹಳ ಬೇಕಾಗಿತ್ತು. ಮಾಸ್ತರನಿಗೆ ನಿವೃತ್ತಿಯಾದರೂ ಮಾತಿಗೆ ಆಗುವುದಿಲ್ಲ. ಶಾರದಾ ಪುಣ್ಯಾತ್ಗಿತ್ತಿ, ನಾನು ಹೇಳಿದ್ದನ್ನೆಲ್ಲ ಕೇಳುತ್ತಾಳೆ, ಆದರೆ ಕುಕ್ಕರಿನ ಸೀಟಿ ಎಣಿಸುತ್ತ ಕೇಳುತ್ತಾಳೆ.

ಹೊಸ ನೋಟುಬುಕ್ಕು ತಂದು ಯೋಜನೆ ಹಾಕಿದೆ. ವಿಷಯ, ಮದುವೆಯಲ್ಲಿ ಸನಾದಿ ಊದಿಸಬೇಕೋ, ಡಿಜೆ ಹಚ್ಚಬೇಕೋ. ವರ್ತಮಾನವೂ ಆಯಿತು, ಸಂಸ್ಕೃತಿಯೂ ಆಯಿತು. ಅತಿಥಿಗಳಿಗಾಗಿ ಹುಡುಕಾಡಬೇಕಾಗಲಿಲ್ಲ. ಸವಣೂರಿನಿಂದ ವೀಳ್ಯದೆಲೆಯ ಪೆಂಡಿ ತರುವ ಇಮಾಮಸಾಬರೂ ದುಂಡಸಿಯಿಂದ ಬಸ್ಸಿಗೆ ಬರುವ ರೈತ ಬಸವಣ್ಣೆಪ್ಪನವರೂ ಬಸ್ ಸ್ಟ್ಯಾಂಡಿನ ಚಾದಂಗಡಿಯಲ್ಲಿ ಎಷ್ಟೋ ವರ್ಷಗಳಿಂದ ಜಗಳಾಡುತ್ತಿದ್ದಾರೆ. ಮಳೆ ಬರುತ್ತದೆಂದು ಒಬ್ಬರೆಂದರೆ ಇನ್ನೊಬ್ಬರು ಕೊಡೆಯನ್ನು ಮನೆಗೆ ಕಳಿಸುವಂಥವರು. ಸನಾದಿಯ ಕಡೆ ಇಮಾಮಸಾಬರು, ಡಿಜೆಯ ಕಡೆ ಬಸವಣ್ಣೆಪ್ಪ ನಿಂತು ಒಮ್ಮೆ ಇವರ ಮಾತು ಏರಿ, ಬಸ್ಸು ಹೋದದ್ದೇ ಇಬ್ಬರಿಗೂ ಗೊತ್ತಾಗಲಿಲ್ಲ. ಇನ್ನೇನು ಬೇಕು?

ಬುಧವಾರ ಇಬ್ಬರೂ ಬಂದರು. ಬಸವಣ್ಣೆಪ್ಪ ಮಡಿ ಧೋತರ ಉಟ್ಟಿದ್ದರು, ಇಮಾಮಸಾಬರು ಅತ್ತರು ಹಚ್ಚಿದ್ದರು. ಅತಿಥಿಗಳೆಂದ ಮೇಲೆ ಬರಿಗೈಲಿ ಕೂರಿಸುವುದು ನಮ್ಮ ಕಡೆ ಪದ್ಧತಿಯಲ್ಲ. ಟ್ರಂಕಿನಿಂದ ತಂದಿದ್ದ ಎರಡು ಶಾಲು ಹೊದಿಸಿ, ಕೈಗೊಂದೊಂದು ತೆಂಗಿನಕಾಯಿ ಕೊಟ್ಟು ಮೈಕಿನ ಮುಂದೆ ಕೂರಿಸಿದೆ.

"ನೀವ ಶುರು ಮಾಡ್ರಿ ಬಸಣ್ಣಾರ," ಎಂದರು ಇಮಾಮಸಾಬರು. ಬಸಣ್ಣ ಎಂದೇ ಕರೆಯುವವರು ಅವತ್ತು ಬಸಣ್ಣಾರ ಎಂದಾಗಲೇ ಇದು ಕೆಟ್ಟಿತು ಎಂದುಕೊಂಡೆ.

"ಛೆ, ಛೆ. ಹಿರೇರು ನೀವ, ನೀವ ಹೇಳ್ರಿ ಸಾಬ್ರ."

"ಸನಾದಿ ಚಲೋರಿ. ಹಂಗಂತ ಡಿಜೆನೂ ಕೆಟ್ಟದ್ದಲ್ರಿ."

"ಸಾಬ್ರು ಹೇಳಿದ್ದು ಖರೇ ಐತ್ರಿ," ಎಂದು ಬಸವಣ್ಣೆಪ್ಪ ಕಾಯಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡರು. ಮುಂದಿನ ಅರ್ಧ ತಾಸು ಇಬ್ಬರೂ ಒಬ್ಬರನ್ನೊಬ್ಬರು ಒಪ್ಪುತ್ತಲೇ ಹೋದರು. ಗಾಜಿನಾಚೆ ಶೈಲಾ ಆಕಳಿಸುವುದು ಕಾಣುತ್ತಿತ್ತು.

ನನಗೆ ಕಲ್ಲಿನ ಶಾಸನಗಳು ನೆನಪಾದವು. ಹಿರೇಕೆರೂರಿನಲ್ಲಿದ್ದಾಗ ಮಕ್ಕಳನ್ನು ಹತ್ತಿರದ ಅಬಲೂರಿಗೆ ಕರೆದೊಯ್ದು ಗುಡಿ, ಶಾಸನ ತೋರಿಸುತ್ತಿದ್ದೆ. ನಮ್ಮ ಹಳೆಯ ಶಾಸನಗಳ ರೀತಿಯೇ ಹಾಗೆ. ರಾಜನ ಹೊಗಳಿಕೆ, ಸಾಮಂತನ ಹೊಗಳಿಕೆ, ಸಾಮಂತನ ಹೆಂಡತಿಯ ಹೊಗಳಿಕೆ ಮುಗಿಯುವಷ್ಟರಲ್ಲಿ ಕಲ್ಲೇ ಮುಗಿಯಲು ಬಂದಿರುತ್ತದೆ. ತಳದಲ್ಲಿ ಎರಡು ಸಾಲು ದಾನ ಕೊಟ್ಟ ಹೊಲದ ಸುದ್ದಿ, ಕಡೆಗೆ ಅದನ್ನು ಕಸಿದವನಿಗೆ ಶಾಪ. ಕಲ್ಲಿಗಾದರೆ ನಡೆಯುತ್ತದೆ, ಅದಕ್ಕೆ ಸಾವಿರ ವರ್ಷ ಪುರಸತ್ತಿದೆ. ನನಗಿದ್ದದ್ದು ಶನಿವಾರದವರೆಗೆ ಮಾತ್ರ.

ಮನೆಗೆ ಬಂದು ಶಾರದಾಳ ಮುಂದೆ ಗೋಳು ತೋಡಿಕೊಂಡೆ. ಅವಳು ಅಕ್ಕಿ ಆರಿಸುತ್ತ ನಕ್ಕಳು. "ಶಾಲು ಹೊಚ್ಚಿದ ಮ್ಯಾಲ ಯಾರರ ಜಗಳಾ ಮಾಡ್ತಾರೇನ್ರಿ? ನೀವ ಮೊದಲ ಒಂದು ತಪ್ಪ ಮಾತಾಡಿ ಬಿಡ್ರಿ. ನಿಮ್ಮ ತಪ್ಪ ಕೇಳಿನ ನನಗ ದಿನಾ ಮಾತು ಹುಟ್ಟತಾವು."

ಹೇಳುವುದು ಸುಲಭ. ಇಷ್ಟು ವರ್ಷ ತರಗತಿಯಲ್ಲಿ ನಾನು ತಪ್ಪೇ ಮಾಡಿರಲಿಲ್ಲ. ಮಾಡಿದ್ದರೂ ಒಪ್ಪಿರಲಿಲ್ಲ. ಈಗ ನನ್ನ ಹಳೆಯ ಮಕ್ಕಳು ಕೇಳುವ ಬಾನುಲಿಯಲ್ಲಿ, ಹೆಸರು ಹೇಳಿಕೊಂಡು, ಬೇಕೆಂದೇ ತಪ್ಪು ಮಾತಾಡುವುದೇ? ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಶುಕ್ರವಾರ ಇಬ್ಬರನ್ನೂ ಮತ್ತೆ ಕರೆಸಿದೆ. ಶಾಲಿಲ್ಲ, ಕಾಯಿಲ್ಲ, ಬರೀ ಚಾ. ಆದರೂ ಮೈಕು ಕಂಡ ಕೂಡಲೇ ಇಬ್ಬರೂ ಮತ್ತೆ "ನೀವ ಹೇಳ್ರಿ" ಶುರುಮಾಡಿದರು. ನಾನು ಹೇಳಿಬಿಟ್ಟೆ: "ಈಗ ಸನಾದಿ ಊದುವವರು ಯಾರೂ ಉಳಿದಿಲ್ಲ. ಇನ್ನು ಡಿಜೆ, ಅದು ಬರೀ ಹುಡುಗರ ಹುಚ್ಚು."

"ಯಾರ್ರಿ ಹೇಳಿದ್ದು ನಿಮಗ?" ಇಮಾಮಸಾಬರು ಕಪ್ಪು ಕೆಳಗಿಟ್ಟರು. "ನಮ್ಮ ಓಣ್ಯಾಗ ಇಬ್ಬರು ಅದಾರ! ಕಿವಿ ಇದ್ರ ಬಂದು ಕೇಳ್ರಿ ಮಾಸ್ತರ!"

"ಹುಡುಗರ ಹುಚ್ಚು ಅಂತೀರಿ?" ಬಸವಣ್ಣೆಪ್ಪ ಟೇಬಲ್ಲು ಗುದ್ದಿದರು. "ಮೊಮ್ಮಗಳ ಮದುವ್ಯಾಗ ಮೊದಲ ಕುಣದಾಂವ ನಾನ!"

"ಅದಕ್ಕ ವಾರಗಟ್ಲೆ ಸೊಂಟಾ ಹಿಡಕೊಂಡು ಅಡ್ಡಾಡಿದಿ, ಬಸಣ್ಣ."

"ಸಾಬ್ರ, ನಿಮ್ಮ ಸನಾದಿಗೆ ಮದುಮಗನೂ ತೂಕಡಸ್ತಾನ!"

ಆಮೇಲೆ ನನ್ನ ಅಗತ್ಯವೇ ಬೀಳಲಿಲ್ಲ. ಆ ಇಬ್ಬರು ಮುದುಕರ ಮೇಲೆ ನನಗೆ ಅಂದು ಉಕ್ಕಿ ಬಂದ ಪ್ರೀತಿಯನ್ನು ಹೇಗೆ ಹೇಳಲಿ? ಶನಿವಾರ ಕಾರ್ಯಕ್ರಮ ಬಂತು. ಸೋಮವಾರ ಪೇಟೆಯಲ್ಲಿ ನಾಲ್ಕು ಜನ ನನ್ನನ್ನು ನಿಲ್ಲಿಸಿ ನನ್ನ ತಪ್ಪು ತಿದ್ದಿದರು. ನಿವೃತ್ತನಾದ ಮೇಲೆ ಅಷ್ಟು ಜನ ನನ್ನ ಮಾತು ಕೇಳಿದ್ದು ಅದೇ ಮೊದಲು.

ಈಗ ವಾರಕ್ಕೊಂದು ತಪ್ಪು ಸಿದ್ಧಮಾಡಿಕೊಂಡು ಹೋಗುತ್ತೇನೆ. ಮೊನ್ನೆ ಕಾರ್ಯಕ್ರಮಕ್ಕೆ ವರ್ಷ ತುಂಬಿತೆಂದು ನನ್ನ ಅತಿಥಿಗಳಿಬ್ಬರೂ ಹಾರ ಹಿಡಿದು ಬಂದರು. ಜೊತೆಗೆ ಒಂದು ಶಾಲು. ಅಂಚಿನ ಅರಿಸಿನದ ಕಲೆ ನೋಡಿ ಗುರುತು ಸಿಕ್ಕಿತು, ನಾನೇ ಹೊದಿಸಿದ್ದು! ಬಸವಣ್ಣೆಪ್ಪ ಅದನ್ನು ಬಿಚ್ಚಿ ನನ್ನ ಹೆಗಲಿನತ್ತ ತಂದಾಗ ಹಿಂದೆ ಸರಿದೆ.

"ಬ್ಯಾಡ್ರಿ, ಇನ್ನೂ ಮಾತಾಡೋದೈತಿ," ಎಂದೆ.

ಶಾಲನ್ನು ನಾಲ್ಕು ಮಡಿಕೆ ಮಾಡಿ ಮೈಕಿನ ಕೆಳಗೆ ಹಾಸಿದೆವು. ಈಗ ಬಸವಣ್ಣೆಪ್ಪ ಟೇಬಲ್ಲನ್ನು ಎಷ್ಟು ಬೇಕಾದರೂ ಗುದ್ದಬಹುದು.