ಪೈಪಿಗೆ ನೀರು

ಮೋಟರ್ ಸೈಕಲ್ಲಿನ ಹೊಗೆ ಪೈಪಿಗೆ ನೀರು ಹಾಕುವ ಚಟ ನನಗೆ ಇನ್ನೂ ಬಿಟ್ಟಿಲ್ಲ. ಎಲೆ ಅಡಿಕೆ, ಇಸ್ಪೀಟು, ನಶ್ಯ ಎಲ್ಲವನ್ನೂ ಬಿಟ್ಟು ನೋಡಿದವನು ನಾನು. ಇದೊಂದು ಮಾತ್ರ ಉಳಿದುಕೊಂಡಿದೆ.

ಶಹಾಬಾದಿನಿಂದ ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿಯ ಎಂಜಿನಿಯರನಿಂದ ಆ ಗಾಡಿ ಕೊಂಡಾಗ, ಚಿತ್ತಾಪುರದ ವಕೀಲರಲ್ಲಿ ಮೋಟರ್ ಸೈಕಲ್ ಏರಿದವನು ನಾನೊಬ್ಬನೇ. ಕಕ್ಷಿದಾರರು ನನ್ನ ವಾದಕ್ಕಿಂತ ಗಾಡಿಯ ಸದ್ದನ್ನೇ ಹೆಚ್ಚು ನಂಬುತ್ತಿದ್ದರು. ಆದರೆ ಅದರ ಮೇಲೆ ಮೊದಲ ಸಲ ತವರಿಗೆ ಹೊರಟ ನನ್ನ ಹೆಂಡತಿ ನೀಲಮ್ಮ, ಇಳಿಯುವಾಗ ಪೈಪಿಗೆ ತಗುಲಿ ಮೀನಖಂಡ ಸುಟ್ಟುಕೊಂಡಳು. ಅಂಗೈಯಗಲ ಬೊಬ್ಬೆ ಎದ್ದಿತು.

"ಇನ್ನ ಇದರ ಮ್ಯಾಲ ನಾ ಕುಂದ್ರಂಗಿಲ್ಲ ನೋಡ್ರಿ. ನನಗ ಎತ್ತಿನ ಬಂಡಿನೇ ಚಲೋ," ಎಂದಳು.

ಕೋರ್ಟಿನಲ್ಲಿ ಸೋತಾಗಲೂ ನನಗೆ ಅಷ್ಟು ಕೆಡುಕೆನಿಸಿರಲಿಲ್ಲ. ಪೈಪಿಗೆ ಸೆಗಣಿ ಮಣ್ಣು ಮೆತ್ತಿದೆ. ಎರಡೇ ದಿನದಲ್ಲಿ ಇಟ್ಟಿಗೆಯಾಗಿ ಉದುರಿತು. ಕೊನೆಗೆ ವಾಡಿ ಜಂಕ್ಷನ್ನಿನಲ್ಲಿ ರೈಲು ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಒಬ್ಬ ಕಕ್ಷಿದಾರ ದಾರಿ ತೋರಿಸಿದ: "ವಕೀಲ ಸಾಬ್ರ, ಉಗಿ ಪೈಪಿಗಿ ನಾವು ಕಲ್ನಾರಿನ ಹಗ್ಗ ಸುತ್ತತೀವ್ರಿ. ಕಾವು ಹೊರಗ ಬರಂಗಿಲ್ಲ. ಹಳೇದು ಎರಡ್ ಮಾರು ಅದ, ಒಯ್ರಿ."

ಹಗ್ಗವೇ ಸಾಕಿತ್ತು. ಆದರೆ ಬೇಸಿಗೆಯಲ್ಲಿ ಗಡಿಗೆಗೆ ಒದ್ದೆ ಬಟ್ಟೆ ಸುತ್ತುವುದು, ಕಾದ ಹಾಸುಗಲ್ಲಿಗೆ ಸಂಜೆ ನೀರು ಚೆಲ್ಲುವುದು, ಇವೆರಡೇ ನಮ್ಮ ಕಡೆಯವರಿಗೆ ಗೊತ್ತಿರುವ ವಿಜ್ಞಾನ. ಹಗ್ಗದ ಮೇಲೆ ಗೋಣಿತಟ್ಟು ಸುತ್ತಿ, ಅವಳ ತವರಿನ ದಾರಿಯಲ್ಲಿ ದಂಡೋತಿಯ ಹತ್ತಿರ ಕಾಗಿಣಾ ಹೊಳೆ ದಾಟುವಾಗಲೆಲ್ಲ ತಂಬಿಗೆಯಿಂದ ತೋಯಿಸತೊಡಗಿದೆ. ಹೊಳೆಯಲ್ಲಿ ಗಾಡಿ ನೂಕಲು ಬರುತ್ತಿದ್ದ ಅಂಬಿಗರ ಸಾಬಣ್ಣ, ಚುಸ್ಸೆಂದು ಏಳುವ ಆವಿ ನೋಡಿ ನಗುತ್ತಿದ್ದ. ನೀಲಮ್ಮ ಮತ್ತೆ ಹಿಂದೆ ಕುಳಿತಳು. ನಾನು ಗೆದ್ದೆನೆಂದುಕೊಂಡೆ.

ಒಂದು ಬೇಸಿಗೆಯಲ್ಲಿ ತವರಿಗೆ ಹೋದವಳಿಗೆ ಜ್ವರ ಬಂದಿದೆಯೆಂದು ಹೇಳಿಕಳಿಸಿದರು. ಚಿತ್ತಾಪುರದ ದವಾಖಾನೆಗೆ ಬಂಡಿಯಲ್ಲಾದರೆ ಅರ್ಧ ದಿನ. ಗಾಡಿಯ ಮೇಲೆ ಕೂರಿಸಿ, ಬೀಳದಂತೆ ಒಂದು ಧೋತರದಿಂದ ಅವಳನ್ನು ನನ್ನ ನಡುವಿಗೆ ಕಟ್ಟಿಕೊಂಡು ಹೊರಟೆ. ಬೆನ್ನಿಗೊರಗಿದ ಅವಳ ಕೆನ್ನೆಯ ಕಾವು ಅಂಗಿಯೊಳಗಿಂದ ಸುಡುತ್ತಿತ್ತು.

ಹೊಳೆ ಬಂತು. ಗಂಟು ಬಿಚ್ಚಿ ಇಳಿದೆ. ಸಾಬಣ್ಣ ಗಾಡಿ ಹಿಡಿದುಕೊಂಡ. ತಂಬಿಗೆ ತುಂಬಿ ತಂದು ಪೈಪಿಗೆ ಹೊಯ್ದೆ. ಇನ್ನೊಂದು ತಂದು ಅದನ್ನೂ ಪೈಪಿಗೇ ಹೊಯ್ದೆ. ತಲೆ ಎತ್ತಿದರೆ ನೀಲಮ್ಮ ಒಣಗಿದ ತುಟಿಯಲ್ಲೇ ನಗುತ್ತಿದ್ದಳು.

"ಅದರ ನೀರಡಿಕಿ ತೀರ್ತೇನ್ರಿ? ಈಗ ನನಗೂ ಒಂದೀಟು ಹಾಕ್ರಿ."

ಎಂಟನೆಯ ದಿನ ದವಾಖಾನೆಯಲ್ಲಿ ತೀರಿಕೊಂಡಳು. ಹೊಳೆಯಲ್ಲಿ ಕಳೆದ ಆ ಗಳಿಗೆಯಿಂದ ಏನೂ ಹೆಚ್ಚುಕಡಿಮೆ ಆಗಿಲ್ಲವೆಂದು ಡಾಕ್ಟರು ಹೇಳಿದರು. ವಕೀಲನಾಗಿ ಆ ಮಾತು ಒಪ್ಪುತ್ತೇನೆ. ಗಂಡನಾಗಿ ಒಪ್ಪಲಾರೆ. ಕೊನೆಯ ಸ್ನಾನ ಮಾಡಿಸಿದ ಹೆಂಗಸರು, ಕಾಲಲ್ಲಿ ಹಳೆಯ ಕಲೆಯೊಂದೇ ಇತ್ತು, ಹೊಸ ಬೊಬ್ಬೆ ಇರಲಿಲ್ಲ ಎಂದರು. ನನ್ನ ವಿದ್ಯೆ ಅಷ್ಟರಮಟ್ಟಿಗೆ ಫಲಿಸಿತ್ತು.

ಈಗ ಒಬ್ಬನೇ ಓಡಾಡುತ್ತೇನೆ. ಕಾಗಿಣಾ ಬಂದರೆ ಗಾಡಿ ತಾನಾಗಿಯೇ ನಿಂತಂತಾಗುತ್ತದೆ. ತಂಬಿಗೆ ತುಂಬುತ್ತೇನೆ, ಮೊದಲ ತಂಬಿಗೆ ಹಿಂದಿನ ಸೀಟಿಗೆ ಹಾಕಿ, ಆಮೇಲೆ ಪೈಪಿಗೆ. ಮೊನ್ನೆ ಅದನ್ನು ಕಂಡ ಹೊಸಬನೊಬ್ಬ ದಂಡೆಯಿಂದಲೇ ಕೂಗಿದ: "ಸಾಬ್ರ, ಸುಡೋದು ಪೈಪ್ರೀ, ಸೀಟಲ್ಲ!"

ಸಾಬಣ್ಣ ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು, ಮತ್ತೊಮ್ಮೆ ತುಂಬಿ, ಸೀಟಿನ ಮೇಲೆ ಮೆಲ್ಲಗೆ ಸುರಿದ.