ಗೊಂಬೆರಾಯರ ಕೋಟು

ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲುವ ಗೊಂಬೆಗಳಿಗೆ ಉಡುಪು ತೊಡಿಸುವುದು ಅವರ ಕೆಲಸ. ಅದಕ್ಕೇ ಬೀದಿಯವರೆಲ್ಲ ಗೊಂಬೆರಾಯರು ಎನ್ನುತ್ತಿದ್ದರು. ಕೆಲಸದಲ್ಲಿ ಗಟ್ಟಿಗರು, ಇಲ್ಲವೆನ್ನಲಾರೆ. ಆದರೆ ಜಂಭ ಸ್ವಲ್ಪ ಜಾಸ್ತಿ. ದಾರಿಯಲ್ಲಿ ಎದುರಾದವರ ಕಾಲರನ್ನು ಕೇಳದೆಯೇ ಸರಿಮಾಡಿ ಮುಂದೆ ಹೋಗುವ ಆಸಾಮಿ.

ಎಲೆ ಉದುರುವ ಕಾಲ ಬಂತೆಂದರೆ ಅವರಿಗೆ ಪುರುಸೊತ್ತಿಲ್ಲ. ಗೊಂಬೆಗೆ ಅಂಗಿ, ಮೇಲೆ ತೋಳಿಲ್ಲದ ಸ್ವೆಟರು, ಅದರ ಮೇಲೆ ಗುಂಡಿ ಹಾಕದ ಕೋಟು, ಕತ್ತಿಗೊಂದು ಸಡಿಲವಾದ ಮಫ್ಲರು. ಇಷ್ಟನ್ನೂ ನಿಜವಾಗಿ ತೊಡಿಸಿದರೆ ಗೊಂಬೆ ಮೂಟೆಯಂತೆ ಕಾಣುತ್ತದೆ. ಹಾಗಾಗಿ ಒಳಗೆ ಅಂಗಿಯೇ ಇರುವುದಿಲ್ಲ. ಯಾವುದೋ ಹಳೆಯ ಅಂಗಿಯ ಕಾಲರು ಕತ್ತರಿಸಿ ಸ್ವೆಟರಿನ ಕತ್ತಿಗೆ ಹೊಲಿಯುತ್ತಾರೆ. ತೋಳಿನ ತುದಿ ಕತ್ತರಿಸಿ ಕೋಟಿನ ತೋಳಿನೊಳಗೆ ಹೊಲಿಯುತ್ತಾರೆ. ನೋಡುವವರ ಕಣ್ಣಿಗೆ ಪೂರ್ತಿ ಅಂಗಿ, ಗೊಂಬೆಯೂ ತೆಳ್ಳಗೆ.

ಅಂಥ ದಿನಗಳಲ್ಲೇ ಮಗಳು ತಾನು ಮೆಚ್ಚಿದ ಹುಡುಗನ ಮನೆಗೆ ಅಪ್ಪನನ್ನು ಊಟಕ್ಕೆ ಕರೆದೊಯ್ಯಬೇಕಾಯಿತು. ತಾಯಿಯಿಲ್ಲದ ಹುಡುಗಿ. ತನ್ನ ಕಡೆಯವರು ಎಂದು ತೋರಿಸಲು ಅವಳಿಗಿದ್ದದ್ದು ಈ ಅಪ್ಪ ಒಬ್ಬರೇ. ಮದುವೆಗೆ ಆ ಮನೆಯವರು ಇನ್ನೂ ಬಾಯಿಬಿಟ್ಟು ಹೂಂ ಅಂದಿರಲಿಲ್ಲ.

"ಅಪ್ಪಾ, ಒಂದರ ಮೇಲೊಂದು ಹಾಕ್ಕೊಂಡು ಬಾ. ಬೆಳಿಗ್ಗೆ ಚಳಿ, ಮಧ್ಯಾಹ್ನ ಸೆಕೆಯಾದ್ರೆ ತೆಗೀಬಹುದು."

"ನನಗೇ ಹೇಳಿಕೊಡೋಕೆ ಬಂದ್ಯೇನೇ?" ಎಂದು ರಾಯರು ನಕ್ಕರು.

ಆದರೆ ಎಲ್ಲ ತೊಟ್ಟು ಕನ್ನಡಿ ನೋಡಿದರೆ, ಹೊಟ್ಟೆ ಕೋಟಿನಿಂದಾಚೆ ಇಣುಕುತ್ತಿತ್ತು. ಬೀಗರ ಮುಂದೆ ಹೀಗೆ ಹೋಗುವುದೇ? ಕೈ ತಾನಾಗಿಯೇ ಕತ್ತರಿಗೆ ಹೋಯಿತು. ಅಂಗಿಯ ಕಾಲರು ಸ್ವೆಟರಿಗೆ, ತೋಳಿನ ತುದಿ ಕೋಟಿಗೆ. ಒಳಗೆ ಬನಿಯನ್ನೂ ಬೇಡವೆಂದರು, ಅದೂ ದಪ್ಪವಲ್ಲವೇ! ಗೊಂಬೆಗಳು ಕೋಟು ಬಿಚ್ಚುವುದಿಲ್ಲ. ಇಷ್ಟು ವರ್ಷ ಅವುಗಳ ಜೊತೆ ಕಳೆದ ಪುಣ್ಯಾತ್ಮರಿಗೆ, ಮನುಷ್ಯರು ಬಿಚ್ಚುತ್ತಾರೆ ಎಂಬುದು ಹೊಳೆಯಲೇ ಇಲ್ಲ.

ಹುಡುಗನ ಮನೆಯಲ್ಲಿ ಊಟದ ಮೇಜು ಕಿಟಕಿಯ ಪಕ್ಕದಲ್ಲೇ ಇತ್ತು. ಮಧ್ಯಾಹ್ನದ ಬಿಸಿಲು ನೇರ ರಾಯರ ಬೆನ್ನಿಗೆ ಬಿತ್ತು, ಅಡುಗೆಮನೆಯ ಹಬೆಯೂ ಸೇರಿತು. ಹುಡುಗ ಸ್ವೆಟರು ತೆಗೆದು ಕುರ್ಚಿಗೆ ಹಾಕಿದ. ಮಗಳು ತನ್ನದನ್ನು ಸೊಂಟಕ್ಕೆ ಕಟ್ಟಿಕೊಂಡಳು.

"ಕೋಟು ತೆಗೀರಿ, ನಿಮ್ಮನೆ ಅಂದ್ಕೊಳ್ಳಿ," ಎಂದರು ಹುಡುಗನ ತಾಯಿ.

"ಇಲ್ಲ ಇಲ್ಲ, ನನಗ್ಯಾಕೋ ಚಳಿ," ಎಂದರು ರಾಯರು. ಬೆವರು ಮೂಗಿನ ತುದಿಯಿಂದ ತಟ್ಟೆಗೆ ತೊಟ್ಟಿಕ್ಕಿತು.

"ಹುಷಾರಿಲ್ವಾ? ಅಥವಾ ನಮ್ಮನೇಲಿ ಏನಾದ್ರೂ ಸರಿಹೋಗ್ಲಿಲ್ವಾ?"

ಮಗಳ ಮುಖ ಕೆಂಪಾಯಿತು. ಅಪ್ಪ ಬಿಗುಮಾನ ತೋರಿಸುತ್ತಿದ್ದಾರೆ ಎಂದುಕೊಂಡಳು. ಎದ್ದು ಹಿಂದೆ ಬಂದು, "ತೆಗಿಯಪ್ಪಾ, ಏನಂದ್ಕೋತಾರೆ ಅವರು," ಎಂದು ಪಿಸುಗುಟ್ಟಿ ಹೆಗಲಿನಿಂದ ಕೋಟನ್ನು ಎಳೆದೇಬಿಟ್ಟಳು.

ಕೋಟಿನೊಂದಿಗೆ ತೋಳಿನ ತುದಿಗಳೂ ಹೋದವು. ಮೇಲೆ ಇಸ್ತ್ರಿ ಹಾಕಿದ ಕಾಲರು, ಕೆಳಗೆ ಸ್ವೆಟರು, ಎರಡೂ ಕಡೆ ಬೆವೆತ ಬರಿ ತೋಳು. ಹುಡುಗ ತಟ್ಟೆ ನೋಡುತ್ತ ಕುಳಿತ. ರಾಯರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಹುಡುಗನ ತಾಯಿ ಕೋಟನ್ನು ತೆಗೆದುಕೊಂಡು ತೋಳು ಮಗುಚಿ ನೋಡಿದರು.

"ಇದೇನಿದು? ಯಾರು ಹೀಗೆ ಹೊಲಿದಿದ್ದು?"

"ನಾನೇ ಆಂಟಿ," ಎಂದಳು ಮಗಳು, ತಡವಿಲ್ಲದೆ. "ಅಪ್ಪ ಬೇಡ ಬೇಡ ಅಂದ್ರು. ದಪ್ಪ ಕಾಣ್ತೀಯ ಅಂತ ನಾನೇ ಹಠ ಮಾಡಿದೆ."

ಆ ತಾಯಿಯ ಮುಖದಲ್ಲಿ ಅದುವರೆಗೆ ಇದ್ದ ಅಕ್ಕರೆ ಇಳಿದುಹೋಯಿತು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೆತ್ತ ತಂದೇನ ಹೀಗಾ ಕರ್ಕೊಂಡು ಬರೋದು? ದಪ್ಪ ಇದ್ರೆ ಏನಮ್ಮಾ ನಿನಗೆ ಅವಮಾನ?"

ಸೂಜಿಗೆ ದಾರ ಪೋಣಿಸಲೂ ಬಾರದ ಹುಡುಗಿ ತಲೆ ತಗ್ಗಿಸಿ ನಿಂತಳು. ಅವಳಲ್ಲ, ನಾನು ಎಂದರೆ ಮುಗಿಯುತ್ತಿತ್ತು. ಆದರೆ ರಾಯರು ಕೈಕಟ್ಟಿ ತೋಳು ಮುಚ್ಚಿಕೊಂಡು, ಮಗಳು ಬೈಸಿಕೊಳ್ಳುವುದನ್ನು ಕೇಳುತ್ತ ಕುಳಿತರು.